ಸವಾಲು ಹಾಕಿ, ಬಹುಮಾನ ಇಡಿ: ಜನರಿಗೆ ಬೇಕಾದ ತಂತ್ರಜ್ಞಾನಕ್ಕಾಗಿ ಚಾಲೆಂಜ್ ನಡೆಸುವುದು ಹೇಗೆ?

ಬಾಂಗ್ಲಾದೇಶದಲ್ಲಿ ಕೆರೆಕುಂಟೆ ನೀರು ಕುಡಿದು ಕಾಯಿಲೆ ಬೀಳುವುದು ಬೇಡ ಅಂತ ಲಕ್ಷಾಂತರ ಕೊಳವೆಬಾವಿ ಕೊರೆದರು. ಆಮೇಲೆ, 1990ರ ದಶಕದಲ್ಲಿ, ಅಂಥ ಎಷ್ಟೋ ಬಾವಿಗಳ ನೀರಿನಲ್ಲಿ ಆರ್ಸೆನಿಕ್ ಇದೆ ಅಂತ ಗೊತ್ತಾಯಿತು. ಆ ವಿಷಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ, ರುಚಿಯೂ ಇಲ್ಲ. ವರ್ಷಗಟ್ಟಲೆ ಕುಡಿದ ಮೇಲೆ ಚರ್ಮದ ಮೇಲೆ ಕಾಣಿಸಿಕೊಳ್ಳುತ್ತದೆ. ಇದಕ್ಕೆ ಪರಿಹಾರ ಹುಡುಕಲು ಅಮೆರಿಕದ ನ್ಯಾಷನಲ್ ಅಕಾಡೆಮಿ ಆಫ್ ಎಂಜಿನಿಯರಿಂಗ್ ಒಂದು ಬಹುಮಾನ ಇಟ್ಟಿತು. ಹೆಸರು ಗ್ರೇಂಜರ್ ಚಾಲೆಂಜ್. ಮೊದಲ ಬಹುಮಾನ 10 ಲಕ್ಷ ಡಾಲರ್. 2007ರಲ್ಲಿ ಗೆದ್ದದ್ದು ರಸಾಯನ ವಿಜ್ಞಾನಿ ಅಬುಲ್ ಹುಸ್ಸಾಂ ಅವರ ಸೋನೋ ಫಿಲ್ಟರ್. ನೋಡಿದರೆ ಒಂದರ ಮೇಲೊಂದು ಇಟ್ಟ ಬಕೆಟ್‌ಗಳು, ಒಳಗೆ ಮರಳು, ಇದ್ದಿಲು, ಇಟ್ಟಿಗೆ ಚೂರು, ಮತ್ತೆ ಆರ್ಸೆನಿಕ್ ಹಿಡಿದಿಟ್ಟುಕೊಳ್ಳುವ ಕಬ್ಬಿಣದ ಒಂದು ಪದರ. ಕರೆಂಟ್ ಬೇಕಿಲ್ಲ.

ಇಂಥ ಸರಳ ವಸ್ತು ಗೆದ್ದದ್ದು ಯಾಕೆ ಅಂತ ಯೋಚಿಸಿ. ‘ಆರ್ಸೆನಿಕ್ ಚೆನ್ನಾಗಿ ತೆಗೆಯುವ ಯಂತ್ರ ಮಾಡಿ’ ಅಂತಷ್ಟೇ ಕೇಳಿದ್ದರೆ ಲ್ಯಾಬಿನಲ್ಲಿ ಮಿಂಚುವ ದೊಡ್ಡ ಯಂತ್ರವೇ ಗೆಲ್ಲುತ್ತಿತ್ತೇನೋ. ಅವರು ಕೇಳಿದ್ದು ಅದನ್ನಲ್ಲ. ಬಡವರ ಕೈಗೆಟುಕಬೇಕು, ಕೆಡದೆ ಕೆಲಸ ಮಾಡಬೇಕು, ನೋಡಿಕೊಳ್ಳುವುದು ಸುಲಭ ಇರಬೇಕು, ಜನ ಒಪ್ಪಿ ಬಳಸುವಂತಿರಬೇಕು ಅಂತ ಕೇಳಿದ್ದರು. ಕೇಳಿದ ಹಾಗೇ ಸಿಕ್ಕಿತು.

ನಾನು ಇಲ್ಲಿ ಹೇಳಬೇಕು ಅಂತಿರುವ ಮುಖ್ಯ ವಿಷಯ ಅದೇ. ಬಹುಮಾನದ ಮೊತ್ತ ಎಷ್ಟು ಅನ್ನುವುದಕ್ಕಿಂತ ‘ಏನು ಮಾಡಿದರೆ ಗೆದ್ದ ಹಾಗೆ’ ಅನ್ನುವ ಒಂದು ವಾಕ್ಯ ಹೇಗಿದೆ ಅನ್ನುವುದೇ ಜಾಸ್ತಿ ಮುಖ್ಯ. ನಾನು ಅದನ್ನು ಗೆಲುವಿನ ವಾಕ್ಯ ಅಂತ ಕರೆಯುತ್ತೇನೆ. ಉಳಿದ ಕೆಲಸವೆಲ್ಲ ಆ ವಾಕ್ಯ ಬರೆಯುವುದಕ್ಕೆ, ಅಥವಾ ಅದಕ್ಕೆ ತಕ್ಕಂತೆ ನಡೆದುಕೊಳ್ಳುವುದಕ್ಕೆ.

ಇಲಾಖೆಯಲ್ಲಿರಲಿ, ಟ್ರಸ್ಟ್‌ನಲ್ಲಿರಲಿ, ಕಾಲೇಜಿನಲ್ಲಿರಲಿ, ಇಂಥ ಚಾಲೆಂಜ್ ನಡೆಸುವ ಆಸೆ ಇರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಉದ್ದಕ್ಕೂ ಒಂದೇ ಉದಾಹರಣೆ ಇಟ್ಟುಕೊಳ್ಳೋಣ: ಕುಡಿಯುವ ನೀರಿನಲ್ಲಿ ಮಲದಿಂದ ಬರುವ ಬ್ಯಾಕ್ಟೀರಿಯಾ ಇದೆಯಾ ಅಂತ ನಲ್ಲಿಯ ಹತ್ತಿರವೇ ಹೇಳುವ ಒಂದು ಕಿಟ್ ನಮಗೆ ಬೇಕು.

1. ಬಹುಮಾನವೇ ಬೇಕಾ?

ಅನುದಾನದಲ್ಲಿ ಮೊದಲು ದುಡ್ಡು, ಆಮೇಲೆ ಕೆಲಸ. ಸವಾಲಿನ ಬಹುಮಾನದಲ್ಲಿ ಮೊದಲು ಕೆಲಸ, ಆಮೇಲೆ ದುಡ್ಡು. ಈ ಒಂದು ವ್ಯತ್ಯಾಸದಿಂದಲೇ ಎಲ್ಲಿ ಬಹುಮಾನ ಸರಿ, ಎಲ್ಲಿ ತಪ್ಪು ಅನ್ನುವುದು ಗೊತ್ತಾಗುತ್ತದೆ.

ಸಮಸ್ಯೆ ಬಿಡಿಸುವವರು ಯಾರು ಅಂತ ನಿಮಗೆ ಗೊತ್ತಿದ್ದರೆ ಅವರಿಗೇ ಅನುದಾನ ಕೊಡಿ. ಪರಿಹಾರ ಆಗಲೇ ಮಾರುಕಟ್ಟೆಯಲ್ಲಿದ್ದರೆ ಟೆಂಡರ್ ಕರೆದು ಕೊಂಡುಕೊಳ್ಳಿ. ಯಾರು ಬಿಡಿಸುತ್ತಾರೋ ಗೊತ್ತಿಲ್ಲ, ಆದರೆ ಬಿಡಿಸಿದರೆ ಅಳೆದು ನೋಡಿ ಹೇಳಬಹುದು ಅಂತಿದ್ದಾಗ ಬಹುಮಾನಕ್ಕೆ ಅರ್ಥ. ಹಡಗು ಸಮುದ್ರದಲ್ಲಿ ಎಲ್ಲಿದೆ ಅಂತ ರೇಖಾಂಶ ಕಂಡುಹಿಡಿಯಲು ಬ್ರಿಟಿಷ್ ಸಂಸತ್ತು 1714ರಲ್ಲಿ 20,000 ಪೌಂಡ್ ತನಕ ಬಹುಮಾನ ಇಟ್ಟಾಗ, ಪಂಡಿತರು ಉತ್ತರಕ್ಕಾಗಿ ಆಕಾಶ ನೋಡುತ್ತಿದ್ದರು. ದಾರಿ ತೋರಿಸಿದ್ದು ಬಡಗಿ ಕೆಲಸ ಕಲಿತ ಜಾನ್ ಹ್ಯಾರಿಸನ್, ಅದೂ ಹೊರಟ ಊರಿನ ಸಮಯವನ್ನು ಸಮುದ್ರದಲ್ಲೂ ತಪ್ಪದೆ ತೋರಿಸುವ ಒಂದು ಗಡಿಯಾರದಿಂದ. ಗಗನಯಾತ್ರಿಗಳ ಕೈಗವಸು ಸುಧಾರಿಸಲು ನಾಸಾ ಇಟ್ಟ ಬಹುಮಾನವನ್ನು 2007ರಲ್ಲಿ ಗೆದ್ದದ್ದು ಮನೆಯ ಊಟದ ಮೇಜಿನ ಮೇಲೆ ಕೂತು ಹೊಲಿದ ಒಬ್ಬ ಎಂಜಿನಿಯರ್. ಚಳಿಗೆ ಗಟ್ಟಿಯಾಗುವ ತೈಲವನ್ನು ಪಂಪ್ ಮಾಡುವುದು ಹೇಗೆ ಅನ್ನುವ ಇನ್ನೊಂದು ಚಾಲೆಂಜಿಗೆ ಉತ್ತರ ಬಂದದ್ದು ಕಾಂಕ್ರೀಟ್ ಕೆಲಸದಿಂದ: ಕಾಂಕ್ರೀಟ್ ಗಟ್ಟಿಯಾಗದಂತೆ ಅಲುಗಾಡಿಸುವ ವೈಬ್ರೇಟರನ್ನೇ ತೈಲಕ್ಕೂ ಹಾಕಿ ಅಂದರು. ತೈಲದವರಿಗೆ ಹೊಳೆಯದೇ ಇದ್ದದ್ದು ಇನ್ನೊಂದು ಕಸುಬಿನವರಿಗೆ ದಿನನಿತ್ಯದ ಮಾತು.

ಬಹುಮಾನ ಕೆಲಸಕ್ಕೆ ಬಾರದ ಜಾಗವೂ ಇದೆ. ಅಡ್ಡಿ ಇರುವುದು ತಂತ್ರಜ್ಞಾನದಲ್ಲಲ್ಲ, ಕಾನೂನಿನಲ್ಲೋ, ಸಿಬ್ಬಂದಿ ಕೊರತೆಯಲ್ಲೋ, ಯಾರೂ ಕೊಳ್ಳಲು ಮುಂದೆ ಬಾರದೇ ಇರುವುದರಲ್ಲೋ ಅಂದರೆ, ಎಷ್ಟು ದೊಡ್ಡ ಬಹುಮಾನ ಇಟ್ಟರೂ ಒಂದಷ್ಟು ಆ್ಯಪ್‌ಗಳು ಹುಟ್ಟಿ ಸಾಯುತ್ತವೆ, ಅಷ್ಟೆ.

2. ಸಮಸ್ಯೆ ಅನುಭವಿಸುವವರ ಜೊತೆ ಕೂರಿ

ಸಭೆ ಕರೆದು ಅಭಿಪ್ರಾಯ ಕೇಳುವುದರ ಬಗ್ಗೆ ಅಲ್ಲ ನಾನು ಹೇಳುತ್ತಿರುವುದು. ಅವರ ಕೆಲಸದ ಜೊತೆ ಒಂದು ದಿನ ಪೂರ್ತಿ ಇರಿ.

ನೀರಿನ ಪರೀಕ್ಷೆಯನ್ನೇ ತಗೊಳ್ಳಿ. ಸ್ಯಾಂಪಲ್ ತೆಗೆಯುವವರು ಕೈ ತೊಳೆದುಕೊಂಡು, ಒಳಗೆ ಬೆರಳು ತಾಗದಂತೆ ಬಾಟಲಿಯ ಮುಚ್ಚಳ ತೆಗೆದು, ನಲ್ಲಿ ಸ್ವಲ್ಪ ಹೊತ್ತು ಬಿಟ್ಟು, ನೀರು ಹಿಡಿದು, ಚೀಟಿ ಅಂಟಿಸಿ, ಐಸ್ ಪೆಟ್ಟಿಗೆಯಲ್ಲಿ ಇಡುತ್ತಾರೆ. ಅಲ್ಲಿಂದ ಅದು ಲ್ಯಾಬಿಗೆ ಹೋಗಬೇಕು. ಲ್ಯಾಬಿನಲ್ಲಿ ಬ್ಯಾಕ್ಟೀರಿಯಾ ಬೆಳೆಯಲಿ ಅಂತ ಬೆಚ್ಚಗೆ ಇಟ್ಟು ಸುಮಾರು 18ರಿಂದ 24 ಗಂಟೆ ಕಾಯಬೇಕು. ಅಂದರೆ ಫಲಿತಾಂಶ ಬರುವ ಹೊತ್ತಿಗೆ ಆ ನಲ್ಲಿಯ ನೀರನ್ನು ಜನ ಒಂದು ದಿನ ಪೂರ್ತಿ ಕುಡಿದಿರುತ್ತಾರೆ. ದೂರದ ಊರಿನ ಸ್ಯಾಂಪಲ್ ಆದರೆ ಐಸ್ ಕರಗುವುದರೊಳಗೆ ಲ್ಯಾಬ್ ಮುಟ್ಟುವುದೇ ಕಷ್ಟ, ಹಾಗಾಗಿ ಅಲ್ಲಿಂದ ಸ್ಯಾಂಪಲ್ ಬರುವುದೇ ಅಪರೂಪ.

ಇದನ್ನು ಕಣ್ಣಾರೆ ನೋಡಿದ ಮೇಲೆ ನಿಮ್ಮ ಪ್ರಶ್ನೆ ಬದಲಾಗುತ್ತದೆ. ಮೊದಲು ‘ಇನ್ನೂ ನಿಖರವಾದ ಪರೀಕ್ಷೆ ಬೇಕು’ ಅಂದುಕೊಂಡಿದ್ದಿರಿ. ಈಗ ‘ಇವತ್ತು ಬೆಳಿಗ್ಗೆ ಕೇಳಿದ್ದಕ್ಕೆ ಇವತ್ತೇ ಉತ್ತರ ಬೇಕು, ಲ್ಯಾಬ್ ಇಲ್ಲದೆ’ ಅನ್ನುತ್ತೀರಿ. ಎರಡೂ ಬೇರೆ ಬೇರೆ ಚಾಲೆಂಜ್.

ಕನಿಷ್ಠ ಮೂರು ಥರದವರನ್ನು ನೋಡಿ. ಕಿಟ್ ಹಿಡಿದು ಕೆಲಸ ಮಾಡುವವರು, ಅದಕ್ಕೆ ದುಡ್ಡು ಕೊಡುವವರು, ಫಲಿತಾಂಶ ಕೆಟ್ಟದ್ದು ಬಂದರೆ ಏನಾದರೂ ಮಾಡಬೇಕಾದವರು. ಮೂರನೆಯವರನ್ನು ಎಲ್ಲರೂ ಮರೆಯುತ್ತಾರೆ. ನೀರು ಕೆಟ್ಟಿದೆ ಅಂತ ಗೊತ್ತಾದ ಮೇಲೆ ಕ್ಲೋರಿನ್ ಹಾಕುವವರು ಯಾರು? ಅವರಿಗೆ ಸುದ್ದಿ ಹೇಗೆ ಮುಟ್ಟುತ್ತದೆ? ಇದಕ್ಕೆ ಉತ್ತರ ಇಲ್ಲದಿದ್ದರೆ ಕಿಟ್ ಬರೀ ಭಯ ಹುಟ್ಟಿಸುತ್ತದೆ.

3. ಗೆಲುವಿನ ವಾಕ್ಯ ಬರೆಯಿರಿ

ಇದಕ್ಕೆ ವಾರಗಟ್ಟಲೆ ಹಿಡಿದರೂ ಪರವಾಗಿಲ್ಲ. ನಿಧಾನವಾಗಿ ಮಾಡಿ.

ಮೊದಲ ಕರಡು ಸಾಮಾನ್ಯವಾಗಿ ಹೀಗಿರುತ್ತದೆ: ‘ಕುಡಿಯುವ ನೀರಿನ ಗುಣಮಟ್ಟವನ್ನು ತ್ವರಿತವಾಗಿ ಪರೀಕ್ಷಿಸುವ ನವೀನ ಸಾಧನ.’ ಕೇಳಲು ಚೆನ್ನಾಗಿದೆ, ಆದರೆ ಕೈಗೆ ಏನೂ ಸಿಗುವುದಿಲ್ಲ. ತ್ವರಿತ ಅಂದರೆ ಹತ್ತು ನಿಮಿಷವಾ, ಹತ್ತು ಗಂಟೆಯಾ? ಗುಣಮಟ್ಟ ಅಂದರೆ ಯಾವುದು? ನವೀನ ಅಂತ ಯಾರು ಹೇಳಬೇಕು?

ಎರಡನೇ ಕರಡು: ‘100 ಮಿಲಿಲೀಟರ್ ನೀರಿನಲ್ಲಿ ಇ. ಕೊಲೈ ಇದೆಯೋ ಇಲ್ಲವೋ ಅಂತ ಒಂದು ಗಂಟೆಯೊಳಗೆ ಹೇಳಬೇಕು.’ ಇ. ಕೊಲೈ ಅಂದರೆ ಮಲದಿಂದ ನೀರಿಗೆ ಬರುವ ಒಂದು ಬ್ಯಾಕ್ಟೀರಿಯಾ. ಇದು ಎಷ್ಟೋ ವಾಸಿ. 100 ಮಿಲಿಲೀಟರ್ ಅನ್ನುವುದು ನಾನು ಸುಮ್ನೆ ಹಾಕಿದ್ದಲ್ಲ, ಕುಡಿಯುವ ನೀರಿನ 100 ಮಿಲಿಲೀಟರಿನಲ್ಲಿ ಇ. ಕೊಲೈ ಕಾಣಿಸಲೇಬಾರದು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ. ಆದರೂ ಈ ವಾಕ್ಯದಲ್ಲಿ ಒಂದು ತೂತು ಇದೆ. ಪಿಎಚ್‌ಡಿ ಮಾಡಿದವರು ಎಸಿ ಕೋಣೆಯಲ್ಲಿ ಕೂತು ಒಂದು ಗಂಟೆಯಲ್ಲಿ ಹೇಳಿದರೂ ಗೆದ್ದ ಹಾಗೇ ಆಗುತ್ತದೆ.

ಮೂರನೇ ಕರಡು: ‘ಲ್ಯಾಬ್ ತರಬೇತಿ ಇಲ್ಲದ, ಅರ್ಧ ಗಂಟೆ ಮಾತ್ರ ವಿವರಣೆ ಪಡೆದ 10 ಜನ, ಬಿಸಿಲಲ್ಲಿ, ಕರೆಂಟ್ ಇಲ್ಲದೆ, ಗುರುತು ಮುಚ್ಚಿದ 200 ಸ್ಯಾಂಪಲ್‌ಗಳನ್ನು ಪರೀಕ್ಷಿಸಬೇಕು. ಪ್ರತಿ ಫಲಿತಾಂಶ ಒಂದು ಗಂಟೆಯೊಳಗೆ ಬರಬೇಕು. ಕೆಟ್ಟ ನೀರನ್ನು ಒಳ್ಳೆಯದು ಅಂತ ಹೇಳಿದ್ದು 100ಕ್ಕೆ 5ಕ್ಕಿಂತ ಜಾಸ್ತಿ ಇರಬಾರದು. ಒಳ್ಳೆ ನೀರನ್ನು ಕೆಟ್ಟದ್ದು ಅಂತ ಹೇಳಿದ್ದು 100ಕ್ಕೆ 10ಕ್ಕಿಂತ ಜಾಸ್ತಿ ಇರಬಾರದು. ಒಂದು ಪರೀಕ್ಷೆಯ ಖರ್ಚು ಈಗಿನ ಲ್ಯಾಬ್ ಖರ್ಚನ್ನು ಮೀರಬಾರದು.’ ಈ ಅಂಕಿಗಳು ನಾನು ಉದಾಹರಣೆಗೆ ಹಾಕಿದ್ದು, ನಿಮ್ಮದು ಬೇರೆ ಇರಬಹುದು. ಎರಡು ತಪ್ಪಿಗೂ ಬೇರೆ ಬೇರೆ ಮಿತಿ ಹಾಕಿದ್ದನ್ನು ಮಾತ್ರ ಗಮನಿಸಿ. ಕೆಟ್ಟ ನೀರನ್ನು ಒಳ್ಳೆಯದು ಅಂದರೆ ಮಗು ಆಸ್ಪತ್ರೆ ಸೇರುತ್ತದೆ. ಒಳ್ಳೆ ನೀರನ್ನು ಕೆಟ್ಟದ್ದು ಅಂದರೆ ಒಂದು ಪಾತ್ರೆ ನೀರು ಸುಮ್ಮನೆ ಕುದಿಸಬೇಕಾಗುತ್ತದೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಇನ್ನೊಂದು ವಿಷಯ. ಏನಾಗಬೇಕು ಅಂತ ಬರೆಯಿರಿ, ಹೇಗೆ ಮಾಡಬೇಕು ಅಂತ ಬರೆಯಬೇಡಿ. ‘ಮೊಬೈಲ್ ಆ್ಯಪ್ ಇರಬೇಕು’, ‘ಎಐ ಬಳಸಿರಬೇಕು’ ಅಂತ ಸೇರಿಸಿದ ದಿನವೇ ನೀವು ಆ ಬಡಗಿಯನ್ನು ಬಾಗಿಲಲ್ಲೇ ತಡೆದ ಹಾಗಾಯಿತು.

ವಾಕ್ಯದಲ್ಲಿ ಒಂದು ಸಡಿಲ ಪದ ಉಳಿದರೆ ಏನಾಗುತ್ತದೆ ಅನ್ನುವುದಕ್ಕೆ ಹ್ಯಾರಿಸನ್ ಕಥೆಯೇ ಸಾಕ್ಷಿ. 1714ರ ಕಾಯ್ದೆಯಲ್ಲಿ ಅಳತೆ ಸ್ಪಷ್ಟವಾಗಿತ್ತು, ಅರ್ಧ ಡಿಗ್ರಿಯೊಳಗೆ ರೇಖಾಂಶ ಹೇಳಿದರೆ ಪೂರ್ತಿ ಬಹುಮಾನ. ಆದರೆ ಅದರ ಜೊತೆಗೆ ಆ ವಿಧಾನ ಸಮುದ್ರದಲ್ಲಿ ‘ಬಳಸಲು ಸಾಧ್ಯವಾಗುವ, ಉಪಯೋಗಕ್ಕೆ ಬರುವ’ ಹಾಗೂ ಇರಬೇಕು ಅಂತ ಇತ್ತು. 1761ರಲ್ಲಿ ಹೊರಟ ಹಡಗಿನಲ್ಲಿ ಅವರ ಎಚ್4 ಗಡಿಯಾರ ಜಮೈಕಾ ತಲುಪುವಷ್ಟರಲ್ಲಿ, 81 ದಿನದಲ್ಲಿ, ಹಿಂದೆ ಬಿದ್ದದ್ದು ಬರೀ 5 ಸೆಕೆಂಡ್. ಅರ್ಧ ಡಿಗ್ರಿಗಿಂತ ಎಷ್ಟೋ ಒಳಗೆ. ಆದರೂ ತೀರ್ಪು ಕೊಡಬೇಕಾದ ಮಂಡಳಿ ಅದು ಅದೃಷ್ಟ ಇರಬಹುದು ಅಂದಿತು, ಮತ್ತೊಂದು ಪ್ರಯಾಣ ಕೇಳಿತು. ಅದರಲ್ಲೂ ಗಡಿಯಾರ ಪಾಸಾಯಿತು. ಆಮೇಲೆ ಬಿಚ್ಚಿ ತೋರಿಸಿ ಅಂದರು, ಬೇರೆಯವರೂ ಮಾಡಬಹುದು ಅಂತ ತೋರಿಸಿ ಅಂದರು. 1765ರಲ್ಲಿ 10,000 ಪೌಂಡ್ ಸಿಕ್ಕಿತು. ಉಳಿದದ್ದರ ಬಹುಪಾಲು, 8,750 ಪೌಂಡ್, ಸಿಕ್ಕಿದ್ದು 1773ರಲ್ಲಿ, ಅದೂ ಮಂಡಳಿಯಿಂದಲ್ಲ, ಸಂಸತ್ತಿನಿಂದ. ಆಗ ಅವರಿಗೆ 80 ವರ್ಷ. ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಬೇರೆಯವರೂ ಅದನ್ನು ಮಾಡುವಂತಿರಬೇಕು ಅಂತ ಕೇಳುವುದು ತಪ್ಪಲ್ಲ, ಅದು ಒಳ್ಳೆ ಷರತ್ತೇ. ಆದರೆ ಅದನ್ನು ಮೊದಲ ದಿನವೇ ಬರೆದಿಡಬೇಕಿತ್ತು.

ನಿಮ್ಮ ವಾಕ್ಯ ಸರಿ ಇದೆಯಾ ಅಂತ ನೋಡಲು ಒಂದು ಸುಲಭದ ದಾರಿ: ನಾಲ್ಕು ಕಾಲ್ಪನಿಕ ಫಲಿತಾಂಶ ಬರೆಯಿರಿ. ಒಂದು ಸಲೀಸಾಗಿ ಗೆದ್ದದ್ದು, ಒಂದು ಸೋತದ್ದು, ಎರಡು ಗಡಿಯಲ್ಲಿ ನಿಂತದ್ದು. ಪರಸ್ಪರ ಪರಿಚಯ ಇಲ್ಲದ ಇಬ್ಬರಿಗೆ ಕೊಟ್ಟು ಯಾವುದು ಗೆದ್ದಿದೆ ಅಂತ ಕೇಳಿ. ಇಬ್ಬರ ಉತ್ತರ ಬೇರೆ ಬಂದರೆ ತಪ್ಪು ಅವರದ್ದಲ್ಲ, ವಾಕ್ಯದ್ದು. ಮತ್ತೆ ಬರೆಯಿರಿ.

4. ಗುರಿ ಎಷ್ಟು ದೂರ ಇಡಬೇಕು

2004ರಲ್ಲಿ ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ಡಾರ್ಪಾ, ಡ್ರೈವರ್ ಇಲ್ಲದೆ ಮರುಭೂಮಿ ದಾಟುವ ವಾಹನಕ್ಕೆ 10 ಲಕ್ಷ ಡಾಲರ್ ಇಟ್ಟಿತು. ದಾರಿ ಸುಮಾರು 229 ಕಿಲೋಮೀಟರ್. ಎಲ್ಲರಿಗಿಂತ ದೂರ ಹೋದ ವಾಹನ 12 ಕಿಲೋಮೀಟರನ್ನೂ ಮುಟ್ಟಲಿಲ್ಲ. ಅವರು ಕೈ ಚೆಲ್ಲಲಿಲ್ಲ, ಬಹುಮಾನ ಎರಡರಷ್ಟು ಮಾಡಿ ಮುಂದಿನ ವರ್ಷ ಮತ್ತೆ ಕರೆದರು. 2005ರಲ್ಲಿ ಐದು ವಾಹನ ಗುರಿ ಮುಟ್ಟಿದವು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ತಂಡ ಗೆದ್ದಿತು. ಮೊದಲ ಸಲ ಯಾರೂ ಗೆಲ್ಲದೇ ಇದ್ದದ್ದು ಸೋಲಲ್ಲ, ಎಲ್ಲಿ ಕಷ್ಟ ಇದೆ ಅಂತ ಎಲ್ಲರಿಗೂ ಅದೇ ಕಲಿಸಿತು.

ಎರಡೂ ಕಡೆ ತಪ್ಪಬಹುದು. ಚಂದ್ರನ ಮೇಲೆ ರೋವರ್ ಇಳಿಸಲು 2007ರಲ್ಲಿ ಘೋಷಿಸಿದ ಗೂಗಲ್ ಲೂನಾರ್ ಎಕ್ಸ್ ಪ್ರೈಜ್ ಗಡುವು ಮತ್ತೆ ಮತ್ತೆ ಮುಂದಕ್ಕೆ ಹೋಗಿ, 2018ರಲ್ಲಿ ಯಾರೂ ಗೆಲ್ಲದೆ ಮುಗಿಯಿತು. ಮನುಷ್ಯನ ಜೀನೋಮ್ (ಅಂದರೆ ವಂಶವಾಹಿಗಳ ಪೂರ್ತಿ ಮಾಹಿತಿ) ಓದುವ ಆರ್ಕನ್ ಎಕ್ಸ್ ಪ್ರೈಜ್‌ಗೆ ಆದದ್ದು ಇದರ ತಲೆಕೆಳಗು. ಬಹುಮಾನ ಇಲ್ಲದಿದ್ದರೂ ಕಂಪನಿಗಳು ಆ ಕಡೆಗೇ ಓಡುತ್ತಿದ್ದವು, ವೆಚ್ಚ ತಾನಾಗೇ ಇಳಿಯುತ್ತಿತ್ತು. 2013ರಲ್ಲಿ ಅದನ್ನು ರದ್ದು ಮಾಡಿದರು.

ಹಾಗಾದರೆ ಸರಿಯಾದ ದೂರ ಯಾವುದು? ಕ್ಷೇತ್ರ ಬಲ್ಲ ನಾಲ್ಕೈದು ಜನರನ್ನು ಕೇಳಿ: ‘ಎರಡು ಮೂರು ವರ್ಷದಲ್ಲಿ ಇದು ಆಗುತ್ತದಾ?’ ಎಲ್ಲರೂ ಹೌದು ಅಂದರೆ ಗುರಿ ತೀರಾ ಹತ್ತಿರ ಇದೆ. ಎಲ್ಲರೂ ಸಾಧ್ಯವೇ ಇಲ್ಲ ಅಂದರೆ ತೀರಾ ದೂರ. ಅವರಲ್ಲೇ ಜಗಳ ಶುರುವಾದರೆ ನೀವು ಸರಿಯಾದ ಜಾಗದಲ್ಲಿದ್ದೀರಿ.

5. ದುಡ್ಡಿನ ಲೆಕ್ಕ

ನ್ಯೂಯಾರ್ಕ್ ಮತ್ತು ಪ್ಯಾರಿಸ್ ನಡುವೆ ಎಲ್ಲೂ ನಿಲ್ಲದೆ ಹಾರಿದವರಿಗೆ 1919ರಲ್ಲಿ ಇಟ್ಟ ಆರ್ಟೀಗ್ ಬಹುಮಾನ 25,000 ಡಾಲರ್. 1927ರಲ್ಲಿ ಅಮೆರಿಕದ ಪೈಲಟ್ ಚಾರ್ಲ್ಸ್ ಲಿಂಡ್‌ಬರ್ಗ್ ಗೆದ್ದರು. ಖಾಸಗಿ ಗಗನನೌಕೆಗೆ ಇಟ್ಟ ಅನ್ಸಾರಿ ಎಕ್ಸ್ ಪ್ರೈಜ್ 1 ಕೋಟಿ ಡಾಲರ್. 2004ರಲ್ಲಿ ಸ್ಪೇಸ್‌ಶಿಪ್‌ಒನ್ ಗೆಲ್ಲುವ ಹೊತ್ತಿಗೆ ತಂಡಗಳೆಲ್ಲ ಸೇರಿ ಖರ್ಚು ಮಾಡಿದ್ದು 10 ಕೋಟಿ ಡಾಲರಿಗೂ ಜಾಸ್ತಿ. ಬಹುಮಾನ ಇಡುವವರು ಈ ಲೆಕ್ಕವನ್ನು ತುಂಬಾ ಖುಷಿಯಿಂದ ಹೇಳುತ್ತಾರೆ: ಒಂದು ಹಾಕಿದರೆ ಹತ್ತು ಬರುತ್ತದೆ ಅಂತ.

ನನಗೆ ಅದರ ಇನ್ನೊಂದು ಮುಖವೂ ಕಾಣುತ್ತದೆ. ಆ ಹತ್ತು ಬಂದದ್ದು ಎಲ್ಲಿಂದ? ಹೆಚ್ಚಾಗಿ ಸೋತ ತಂಡಗಳ ಜೇಬಿನಿಂದ. ಬೆನ್ನಿಗೆ ಶ್ರೀಮಂತರಿದ್ದ ತಂಡಕ್ಕೆ ಪರವಾಗಿಲ್ಲ. ಕೆಲಸ ಬಿಟ್ಟು ಬಂದ ಇಬ್ಬರು ಯುವಕರಿಗೆ, ಸಣ್ಣ ಕಾಲೇಜಿನ ಮೇಷ್ಟ್ರಿಗೆ, ನೀರಿನ ಕಷ್ಟ ತಾವೇ ಅನುಭವಿಸಿದ ಊರಿನವರಿಗೆ ಅದು ಆಗದ ಮಾತು. ‘ಯಾರು ಬೇಕಾದರೂ ಬರಬಹುದು’ ಅಂತ ಬರೆದು, ದುಡ್ಡಿದ್ದವರು ಮಾತ್ರ ಬರುವ ಹಾಗೆ ಮಾಡಬಾರದು ಅಲ್ವಾ?

ಅದಕ್ಕೆ ಹಂತ ಹಂತವಾಗಿ ಕೊಡಿ. ಮೊದಲ ಹಂತದಲ್ಲಿ ಬರೀ ಐಡಿಯಾ, ಕೆಲವೇ ಪುಟ, ಶುಲ್ಕ ಇಲ್ಲ. ಅದರಲ್ಲಿ ಆಯ್ದ ಹತ್ತೋ ಹದಿನೈದೋ ತಂಡಕ್ಕೆ ಮಾದರಿ ಮಾಡಲು ಸ್ವಲ್ಪ ದುಡ್ಡು. ಅದರಲ್ಲಿ ನಿಂತ ಐದು ತಂಡಕ್ಕೆ ಜನರ ನಡುವೆ ಪರೀಕ್ಷೆ ಮಾಡಲು ಇನ್ನಷ್ಟು. ಕೊನೆಗೆ ದೊಡ್ಡ ಬಹುಮಾನ. ಮಕ್ಕಳು ತಾವಾಗೇ ಓದು, ಬರಹ, ಲೆಕ್ಕ ಕಲಿಯುವ ಸಾಫ್ಟ್‌ವೇರ್‌ಗೆ 2014ರಲ್ಲಿ ಘೋಷಿಸಿದ 1.5 ಕೋಟಿ ಡಾಲರಿನ ಗ್ಲೋಬಲ್ ಲರ್ನಿಂಗ್ ಎಕ್ಸ್ ಪ್ರೈಜ್‌ನ ಕೊನೆಯ ಹಂತಗಳು ಹೀಗೇ ನಡೆದವು. ಕೊನೆ ಸುತ್ತಿಗೆ ಬಂದ ಐದು ತಂಡಕ್ಕೂ ತಲಾ 10 ಲಕ್ಷ ಡಾಲರ್ ಸಿಕ್ಕಿತು, ಆಮೇಲೆ 1 ಕೋಟಿಯ ದೊಡ್ಡ ಬಹುಮಾನ.

ಬಜೆಟ್ಟಿನಲ್ಲಿ ಜನ ಮರೆಯುವುದು ಪರೀಕ್ಷೆಯ ಖರ್ಚು. ಸ್ಯಾಂಪಲ್ ತಯಾರಿ, ಸ್ವತಂತ್ರ ಲ್ಯಾಬ್, ಓಡಾಟ, ವಿಮೆ, ವಕೀಲರು, ಎರಡು ಮೂರು ವರ್ಷ ಇದನ್ನೇ ನೋಡಿಕೊಳ್ಳುವ ಒಂದಿಬ್ಬರ ಸಂಬಳ. ನನ್ನ ಅಭಿಪ್ರಾಯದಲ್ಲಿ ಬಹುಮಾನಕ್ಕೆ ಎಷ್ಟು ಇಡುತ್ತೀರೋ ಪರೀಕ್ಷೆ ಮತ್ತು ತಂಡಗಳ ಬೆಂಬಲಕ್ಕೂ ಹೆಚ್ಚುಕಮ್ಮಿ ಅಷ್ಟೇ ಇಡಬೇಕು. ಅಷ್ಟು ಇಲ್ಲದಿದ್ದರೆ ಬಹುಮಾನ ಚಿಕ್ಕದು ಮಾಡಿ, ಪರೀಕ್ಷೆಯನ್ನು ಚಿಕ್ಕದು ಮಾಡಬೇಡಿ. ಮತ್ತೆ, ಘೋಷಣೆ ಮಾಡುವ ದಿನ ಬಹುಮಾನದ ದುಡ್ಡು ಬೇರೆ ಖಾತೆಯಲ್ಲಿ ಇರಲೇಬೇಕು. ‘ಪ್ರಾಯೋಜಕರು ಬರುತ್ತಾರೆ’ ಅನ್ನುವ ನಂಬಿಕೆಯ ಮೇಲೆ ಬೇರೆಯವರ ಎರಡು ವರ್ಷ ತೆಗೆದುಕೊಳ್ಳಬೇಡಿ.

6. ನಿಯಮಗಳು: ಹಕ್ಕು, ಸುರಕ್ಷತೆ, ಡೇಟಾ

ಪೇಟೆಂಟ್ ಮತ್ತು ಕೋಡ್ ಯಾರದ್ದು ಅನ್ನುವುದು ಮೊದಲ ಪುಟದಲ್ಲೇ ಇರಲಿ. ಎಲ್ಲ ಹಕ್ಕು ನಮಗೇ ಅಂದರೆ ಒಳ್ಳೆ ತಂಡಗಳು ಬರುವುದಿಲ್ಲ. ಎಲ್ಲ ಅವರಿಗೇ ಬಿಟ್ಟರೆ ನಾಳೆ ಯಾರೋ ಕೊಂಡು ಬೀಗ ಹಾಕಿ ಇಡಬಹುದು. ಲರ್ನಿಂಗ್ ಎಕ್ಸ್ ಪ್ರೈಜ್‌ನಲ್ಲಿ ಕೊನೆ ಸುತ್ತಿನ ಸಾಫ್ಟ್‌ವೇರ್ ಪೂರ್ತಿ ಓಪನ್ ಸೋರ್ಸ್ ಆಗಬೇಕು, ಅಂದರೆ ಯಾರು ಬೇಕಾದರೂ ತೆಗೆದು ಬಳಸುವಂತಿರಬೇಕು ಅಂತ ಮೊದಲೇ ಹೇಳಿದ್ದರು. ನಮ್ಮ ಕಿಟ್‌ಗೆ ನಾನಾದರೆ ಹೀಗೆ ಬರೆಯುತ್ತೇನೆ: ಹಕ್ಕು ತಂಡದ್ದೇ, ಆದರೆ ಗೆದ್ದ ಎರಡು ವರ್ಷದೊಳಗೆ ಅದನ್ನು ತಯಾರಿಸಿ ಮಾರಲು ಶುರು ಮಾಡದಿದ್ದರೆ ಬೇರೆಯವರು ತಯಾರಿಸಲು ಅನುಮತಿ ಕೊಡಬೇಕು.

ಸುರಕ್ಷತೆಯ ವಿಷಯದಲ್ಲಿ ಆರ್ಟೀಗ್ ಬಹುಮಾನವನ್ನು ನೆನಪಿಡಿ. ಅದರ ಹಿಂದೆ ಬಿದ್ದು ಪೈಲಟ್‌ಗಳು ಪ್ರಾಣ ಕಳೆದುಕೊಂಡರು. ಓಟ ಶುರು ಮಾಡಿದವರಿಗೆ ಓಡುವವರ ಜವಾಬ್ದಾರಿ ಇದೆ. ಜನರ ಮೇಲೆ ಪರೀಕ್ಷೆ ಇದ್ದರೆ ನೈತಿಕ ಸಮಿತಿಯ ಒಪ್ಪಿಗೆ, ಭಾಗವಹಿಸುವವರ ಒಪ್ಪಿಗೆ ಎರಡೂ ಬೇಕು.

ಡೇಟಾ ಕೊಡುವ ಚಾಲೆಂಜ್ ಆದರೆ ಇನ್ನೂ ಹುಷಾರು. ನೆಟ್‌ಫ್ಲಿಕ್ಸ್ 2006ರಲ್ಲಿ, ಯಾರಿಗೆ ಯಾವ ಸಿನಿಮಾ ಇಷ್ಟವಾಗಬಹುದು ಅಂತ ಊಹಿಸುವ ತನ್ನ ಶಿಫಾರಸು ಲೆಕ್ಕಾಚಾರವನ್ನು 10 ಶೇಕಡಾ ಸುಧಾರಿಸಿದವರಿಗೆ 10 ಲಕ್ಷ ಡಾಲರ್ ಇಟ್ಟಾಗ, ಹೆಸರು ತೆಗೆದ ಗ್ರಾಹಕರ ರೇಟಿಂಗ್‌ಗಳನ್ನು ಹೊರಗೆ ಬಿಟ್ಟಿತು. ಹೆಸರು ಇಲ್ಲದಿದ್ದರೂ ಬೇರೆ ಕಡೆಯ ರೇಟಿಂಗ್‌ಗಳ ಜೊತೆ ಹೋಲಿಸಿ ಕೆಲವರನ್ನು ಗುರುತಿಸಬಹುದು ಅಂತ ಸಂಶೋಧಕರು ತೋರಿಸಿದರು. ಎರಡನೇ ಸ್ಪರ್ಧೆ ಕೈಬಿಡಬೇಕಾಯಿತು. ಸಿನಿಮಾ ರೇಟಿಂಗ್‌ಗೇ ಹೀಗಾದರೆ ಆರೋಗ್ಯದ ಡೇಟಾ ಬಗ್ಗೆ ಎಷ್ಟು ಎಚ್ಚರ ಬೇಕು ನೋಡಿ. ಅದೇ ಸ್ಪರ್ಧೆಯಿಂದ ಇನ್ನೊಂದು ಪಾಠವೂ ಇದೆ: 2009ರಲ್ಲಿ ಬಹುಮಾನ ಗೆದ್ದ ಪೂರ್ತಿ ಪರಿಹಾರವನ್ನು ಕಂಪನಿ ಬಳಕೆಗೆ ತರಲಿಲ್ಲ. ನಿಖರತೆ ಸಿಕ್ಕಿತ್ತು, ಆದರೆ ಅದನ್ನು ಅಳವಡಿಸುವ ಶ್ರಮಕ್ಕೆ ತಕ್ಕ ಲಾಭ ಕಾಣಲಿಲ್ಲ. ಗೆಲುವಿನ ವಾಕ್ಯದಲ್ಲಿ ನಿಖರತೆ ಇತ್ತು, ಅಳವಡಿಸುವ ಕಷ್ಟ ಇರಲಿಲ್ಲ.

7. ಸರಿಯಾದವರಿಗೆ ಸುದ್ದಿ ಮುಟ್ಟಿಸಿ

ವೆಬ್‌ಸೈಟಿನಲ್ಲಿ ಹಾಕಿ ಕಾದರೆ ಬರುವವರು ಪ್ರತಿ ಸ್ಪರ್ಧೆಗೂ ಬರುವ ಅದೇ ತಂಡಗಳು. ನಿಮ್ಮ ಸಮಸ್ಯೆ ಇನ್ನೊಂದು ಕಸುಬಿನಲ್ಲಿ ಯಾವ ಹೆಸರಿನಲ್ಲಿದೆ ಅಂತ ಯೋಚಿಸಿ. ಹಾಲು ಕೆಟ್ಟಿದೆಯಾ ಅಂತ ನೋಡುವವರು, ಮೀನು ಸಾಕುವವರು, ಆಸ್ಪತ್ರೆಯಲ್ಲಿ ಮೂತ್ರ ಪರೀಕ್ಷೆ ಮಾಡುವವರು, ಇವರೆಲ್ಲ ಬ್ಯಾಕ್ಟೀರಿಯಾ ಜೊತೆಗೇ ಇರುವವರು. ಅವರ ಸಭೆಗಳಿಗೆ ನೀವೇ ಹೋಗಿ, ಅವರ ಮಾತಿನಲ್ಲಿ ಹೇಳಿ. ಪ್ರಶ್ನೆ ಕೇಳಲು ಒಂದು ನಂಬರ್ ಇರಲಿ, ಒಬ್ಬರಿಗೆ ಕೊಟ್ಟ ಉತ್ತರ ಎಲ್ಲರಿಗೂ ಕಾಣಲಿ.

8. ಪರೀಕ್ಷೆ ನಡೆಸುವುದು

ಒಂದು ಸಣ್ಣ ಸ್ಪರ್ಧೆಯಲ್ಲಿ ನಾನು ತೀರ್ಪುಗಾರರ ಮೇಜಿನ ಹಿಂದೆ ಕೂತಿದ್ದೆ. ಪ್ರತಿ ತಂಡಕ್ಕೆ ಎಂಟು ನಿಮಿಷ. ಚೆನ್ನಾಗಿ ಮಾತಾಡಿದ, ಚೆಂದದ ಸ್ಲೈಡ್ ಮಾಡಿದ ತಂಡಕ್ಕೆ ಎಲ್ಲರೂ ಜಾಸ್ತಿ ಅಂಕ ಕೊಟ್ಟೆವು, ನಾನೂ ಕೊಟ್ಟೆ. ಬಹುಮಾನ ಕೊಟ್ಟು, ಫೋಟೊ ತೆಗೆಸಿಕೊಂಡು, ಮೆಟ್ಟಿಲು ಇಳಿಯುವಾಗ ಹೊಳೆಯಿತು: ಮೇಜಿನ ಮೇಲೆ ಇಟ್ಟಿದ್ದ ಆ ಸಾಧನವನ್ನು ನಾವು ಯಾರೂ ಆನ್ ಮಾಡಿಯೇ ನೋಡಿರಲಿಲ್ಲ. ಆ ದಿನದಿಂದ ನನ್ನ ನಿಯಮ ಒಂದೇ. ತೀರ್ಪು ಕೊಡಬೇಕಾದ್ದು ಅಳತೆ. ಅಳತೆ ಸರಿಯಾಗಿ ನಡೆಯಿತಾ ಅಂತ ನೋಡುವುದಷ್ಟೇ ತೀರ್ಪುಗಾರರ ಕೆಲಸ.

ಇದನ್ನು ಚೆನ್ನಾಗಿ ಮಾಡಿದ್ದು ಸಮುದ್ರದ ಮೇಲಿನ ತೈಲ ಎತ್ತುವ ವೆಂಡಿ ಶ್ಮಿಟ್ ಚಾಲೆಂಜ್. 2010ರಲ್ಲಿ ಮೆಕ್ಸಿಕೊ ಕೊಲ್ಲಿಯಲ್ಲಿ ತೈಲ ಸೋರಿದ ಮೇಲೆ ಅದನ್ನು ಘೋಷಿಸಿದರು. ಷರತ್ತು ಹೀಗಿತ್ತು: ನಿಮಿಷಕ್ಕೆ ಕನಿಷ್ಠ 2,500 ಗ್ಯಾಲನ್ ತೈಲ ಎತ್ತಬೇಕು, ಎತ್ತಿದ್ದರಲ್ಲಿ ಕನಿಷ್ಠ 70 ಶೇಕಡಾ ತೈಲವೇ ಇರಬೇಕು. ಕೃತಕ ಅಲೆ ಎಬ್ಬಿಸುವ ದೊಡ್ಡ ತೊಟ್ಟಿಯಲ್ಲಿ, ನಿಜವಾದ ತೈಲ ಸುರಿದು, ಎಲ್ಲ ತಂಡಗಳನ್ನೂ ಒಂದೇ ಥರ ಪರೀಕ್ಷಿಸಿದರು. 2011ರಲ್ಲಿ ಗೆದ್ದ ಎಲಾಸ್ಟೆಕ್ ತಂಡ ನಿಮಿಷಕ್ಕೆ 4,670 ಗ್ಯಾಲನ್ ಎತ್ತಿತು, ಅದರಲ್ಲಿ 89.5 ಶೇಕಡಾ ತೈಲ. ಮೂರನೇ ಬಹುಮಾನವನ್ನು ಯಾರಿಗೂ ಕೊಡಲಿಲ್ಲ, ಯಾಕೆಂದರೆ ಎರಡೂ ಷರತ್ತು ದಾಟಿದ ಮೂರನೇ ತಂಡ ಇರಲಿಲ್ಲ. ವೇದಿಕೆ ಮೇಲೆ ಒಂದು ಜಾಗ ಖಾಲಿ ಕಂಡರೂ ಪರವಾಗಿಲ್ಲ ಅನ್ನುವ ಆ ಗಟ್ಟಿತನ ನನಗೆ ತುಂಬಾ ಇಷ್ಟ.

ನಮ್ಮ ಕಿಟ್‌ಗೆ ಬಂದರೆ, ಸ್ಯಾಂಪಲ್ ತಯಾರಿಸುವವರು ಒಬ್ಬರು, ಪರೀಕ್ಷೆ ಗಮನಿಸುವವರು ಇನ್ನೊಬ್ಬರು ಇರಲಿ. ಯಾವ ಬಾಟಲಿಯಲ್ಲಿ ಏನಿದೆ ಅಂತ ಗಮನಿಸುವವರಿಗೂ ಗೊತ್ತಿರಬಾರದು. ತಂಡದವರು ಪಕ್ಕದಲ್ಲಿ ನಿಂತು ಸಹಾಯ ಮಾಡಬಾರದು. ಕಿಟ್ ಜೊತೆ ಬಂದ ಚೀಟಿ ಓದಿ ಅರ್ಥವಾಗದಿದ್ದರೆ ಅದೂ ಫಲಿತಾಂಶವೇ. ಕೊನೆ ಪರೀಕ್ಷೆಗೆ ಮೊದಲು ಅಂಕಕ್ಕೆ ಸೇರದ ಒಂದು ಪ್ರಾಕ್ಟೀಸ್ ಸುತ್ತು ಇಡಿ. ತಂಡಗಳಿಗೆ ತಪ್ಪು ತಿದ್ದಿಕೊಳ್ಳಲು ಅವಕಾಶ, ನಿಮಗೆ ನಿಮ್ಮ ಪರೀಕ್ಷೆಯ ತೂತುಗಳು ಕಾಣಲು ಅವಕಾಶ.

ಲ್ಯಾಬ್ ಪರೀಕ್ಷೆ ಮುಗಿದ ಮೇಲೆ ಜನರ ನಡುವೆ ಹೋಗಬೇಕು. ಲರ್ನಿಂಗ್ ಎಕ್ಸ್ ಪ್ರೈಜ್‌ನವರು ಟಾಂಜಾನಿಯಾದ ಸುಮಾರು 170 ಹಳ್ಳಿಗಳಲ್ಲಿ, ಮಕ್ಕಳ ಕೈಗೆ ಟ್ಯಾಬ್ಲೆಟ್ ಕೊಟ್ಟು, ಚಾರ್ಜ್ ಮಾಡಲು ಸೋಲಾರ್ ಇಟ್ಟು, ಮೊದಲೂ ಕೊನೆಗೂ ಮಕ್ಕಳ ಓದು, ಬರಹ, ಲೆಕ್ಕ ಎಷ್ಟಿದೆ ಅಂತ ಅಳೆದು, 2019ರಲ್ಲಿ ಎರಡು ತಂಡಕ್ಕೆ ಬಹುಮಾನ ಹಂಚಿದರು. ದೂಳು, ಬಿಸಿಲು, ಕೈಯಿಂದ ಜಾರಿ ಬೀಳುವುದು ಇವೆಲ್ಲ ಆ ಪರೀಕ್ಷೆಯ ಒಳಗೇ ಇದ್ದವು.

9. ಸೋತ ತಂಡಗಳು

ಪ್ರತಿ ತಂಡಕ್ಕೂ ಅದರ ಅಳತೆಗಳನ್ನು ಬರೆದು ಕೊಡಿ. ‘ವಿಷಾದಿಸುತ್ತೇವೆ’ ಅನ್ನುವ ಒಂದು ಸಾಲಿನ ಮೇಲ್ ಸಾಲದು. ತಂಡ ಒಪ್ಪಿದರೆ ಫಲಿತಾಂಶವನ್ನು ಹೊರಗೂ ಹಾಕಿ. ಎರಡನೇ ಸ್ಥಾನದ ಕಿಟ್ ನಿಮಗೆ ಬೇಡವಾಗಿರಬಹುದು, ಪ್ರವಾಹ ಪರಿಹಾರ ಮಾಡುವವರಿಗೆ ಅದೇ ಬೇಕಿರಬಹುದು.

10. ಬಹುಮಾನ ಕೊಟ್ಟ ಮರುದಿನ

ಈ ಹೆಜ್ಜೆಯನ್ನು ಕೊನೆಗೆ ಬರೆದಿದ್ದೇನೆ, ಆದರೆ ನೀವು ಮೊದಲ ತಿಂಗಳಲ್ಲೇ ಶುರು ಮಾಡಬೇಕು. ಗೆದ್ದ ವಸ್ತುವನ್ನು ಕೊಳ್ಳುವವರು ಯಾರು?

ಜನರಿಗೆ ಬೇಕಾದ ತಂತ್ರಜ್ಞಾನದಲ್ಲಿ ಇದೇ ಅತಿ ಕಷ್ಟದ ಭಾಗ. ಬಳಸುವವರ ಹತ್ತಿರ ದುಡ್ಡಿರುವುದಿಲ್ಲ, ದುಡ್ಡಿದ್ದವರು ಬಳಸುವುದಿಲ್ಲ. ಇದಕ್ಕೆ ಕೆಲವರು ಒಳ್ಳೆ ದಾರಿ ಹುಡುಕಿದ್ದಾರೆ. ಅಮೆರಿಕದಲ್ಲಿ 24 ವಿದ್ಯುತ್ ಕಂಪನಿಗಳು ಸೇರಿ, ಕಡಿಮೆ ಕರೆಂಟ್ ತಿನ್ನುವ ಫ್ರಿಜ್‌ಗೆ 3 ಕೋಟಿ ಡಾಲರ್ ಇಟ್ಟವು. 1993ರಲ್ಲಿ ವರ್ಲ್‌ಪೂಲ್ ಗೆದ್ದಿತು. ಆದರೆ ದುಡ್ಡು ಒಂದೇ ಸಲ ಸಿಗಲಿಲ್ಲ, ಮಾರಾಟವಾದ ಫ್ರಿಜ್‌ಗಳ ಲೆಕ್ಕದ ಮೇಲೆ ಕೊಡುವುದು ಅಂತ ಇತ್ತು. ಲಸಿಕೆಯಲ್ಲಿ ಇನ್ನೂ ದೊಡ್ಡದು ನಡೆಯಿತು. ನ್ಯುಮೋನಿಯಾ ತರುವ ನ್ಯುಮೋಕಾಕಸ್ ಬ್ಯಾಕ್ಟೀರಿಯಾ ತಡೆಯುವ ಲಸಿಕೆ ಬಡ ದೇಶಗಳಿಗೂ ಸಿಗಲಿ ಅಂತ 2009ರಲ್ಲಿ ಕೆಲವು ಸರ್ಕಾರಗಳು ಮತ್ತು ಗೇಟ್ಸ್ ಫೌಂಡೇಶನ್ 150 ಕೋಟಿ ಡಾಲರಿನ ಮುಂಗಡ ಖರೀದಿ ಭರವಸೆ ಕೊಟ್ಟವು: ತಯಾರಿಸಿ, ಇಂಥ ಬೆಲೆಗೆ ನಾವು ಕೊಳ್ಳುತ್ತೇವೆ ಅಂತ.

ನಿಮ್ಮ ಕೈಲಿ ಅಷ್ಟು ದುಡ್ಡು ಇಲ್ಲದೇ ಇರಬಹುದು. ಆದರೂ ಚಾಲೆಂಜ್ ಘೋಷಿಸುವ ಮೊದಲೇ ಒಂದೋ ಎರಡೋ ನೀರು ಸರಬರಾಜು ಸಂಸ್ಥೆಗಳನ್ನು ಕಂಡು, ‘ಈ ವಾಕ್ಯದಲ್ಲಿ ಬರೆದಷ್ಟು ಮಾಡುವ ಕಿಟ್ ಬಂದರೆ ಮೊದಲ ವರ್ಷ ಇಷ್ಟು ಕೊಳ್ಳುತ್ತೇವೆ’ ಅಂತ ಬರೆಸಿಕೊಳ್ಳಿ. ಅವರು ಹಿಂದೇಟು ಹಾಕಿದರೆ ಯಾಕೆ ಅಂತ ಕೇಳಿ. ‘ನಮಗೆ ಮಾನ್ಯತೆ ಪಡೆದ ಲ್ಯಾಬ್ ವರದಿ ಬೇಕೇ ಬೇಕು’ ಅನ್ನಬಹುದು. ಆಗ ಆ ಮಾನ್ಯತೆ ಕೊಡುವವರನ್ನೂ ಮೊದಲ ದಿನದಿಂದಲೇ ಜೊತೆಗೆ ಸೇರಿಸಿಕೊಳ್ಳಬೇಕು ಅಂತ ಗೊತ್ತಾಗುತ್ತದೆ, ಗೆಲುವಿನ ವಾಕ್ಯಕ್ಕೆ ಇನ್ನೊಂದು ಷರತ್ತೂ ಸೇರುತ್ತದೆ.

ತಾಳ್ಮೆಯೂ ಬೇಕು. ಸೋಂಕಿಗೆ ಆ್ಯಂಟಿಬಯಾಟಿಕ್ ಬೇಕಾ, ಬೇಕಾದರೆ ಯಾವುದು ಅಂತ ಬೇಗ ಹೇಳುವ ಪರೀಕ್ಷೆಗೆ ಬ್ರಿಟನ್ನಿನಲ್ಲಿ 2014ರಲ್ಲಿ, ಹ್ಯಾರಿಸನ್ ಕಾಲದ ಆ ರೇಖಾಂಶ ಬಹುಮಾನದ ಹೆಸರಿನಲ್ಲೇ, ಹೊಸ ಲಾಂಗಿಟ್ಯೂಡ್ ಪ್ರೈಜ್ ಶುರುವಾಯಿತು. ವಿಷಯವನ್ನು ಜನರ ಮತದಿಂದಲೇ ಆರಿಸಿದ್ದರು. ಬಹುಮಾನ 80 ಲಕ್ಷ ಪೌಂಡ್. ಗೆದ್ದ ತಂಡ ಸಿಕ್ಕಿದ್ದು 2024ರಲ್ಲಿ, ಹತ್ತು ವರ್ಷದ ಮೇಲೆ: ಮೂತ್ರನಾಳದ ಸೋಂಕಿಗೆ ಯಾವ ಔಷಧಿ ನಾಟುತ್ತದೆ ಅಂತ 45 ನಿಮಿಷದಲ್ಲಿ ಹೇಳುವ ಒಂದು ಸಾಧನ. ಅಷ್ಟು ವರ್ಷ ಅದನ್ನು ನಡೆಸಿದವರು ಕೈಬಿಡಲಿಲ್ಲ.

ಕೊನೆಯದಾಗಿ, ಬಹುಮಾನ ಕೊಟ್ಟ ಒಂದು ವರ್ಷದ ಮೇಲಿನ ಒಂದು ಪ್ರವಾಸಕ್ಕೆ ಈಗಲೇ ಬಜೆಟ್ಟಿನಲ್ಲಿ ದುಡ್ಡು ಎತ್ತಿಡಿ. ನೀವು ಮೊದಲು ಯಾರ ಜೊತೆ ಒಂದು ದಿನ ಕಳೆದಿದ್ದಿರೋ ಅವರ ಹತ್ತಿರವೇ ಹೋಗಿ. ಕಿಟ್ ಎಲ್ಲಿದೆ ಅಂತ ಕೇಳಿ. ಪೆಟ್ಟಿಗೆ ಬಿಚ್ಚಿದ್ದಾರಾ, ಒಳಗಿನ ಸ್ಟ್ರಿಪ್‌ಗಳು ಎಷ್ಟು ಉಳಿದಿವೆ, ಮುಗಿದ ಮೇಲೆ ಹೊಸದು ಎಲ್ಲಿ ಸಿಗುತ್ತದೆ ಅಂತ ಅವರಿಗೆ ಗೊತ್ತಾ, ಕೊನೆ ಸಲ ಕೆಟ್ಟ ಫಲಿತಾಂಶ ಬಂದಾಗ ಯಾರಿಗೆ ಫೋನ್ ಮಾಡಿದರು, ಅವರು ಎತ್ತಿದರಾ. ಕೇಳಿದ್ದನ್ನೆಲ್ಲ ಬರೆದುಕೊಳ್ಳಿ, ಮುಂದಿನ ಚಾಲೆಂಜಿನ ಮೊದಲ ಕರಡು ಅಲ್ಲೇ ಸಿಗುತ್ತದೆ.